ಮೀಸಲು ಮಾತ್ರೆ

ಗುಂಡ್ಲಯ್ಯನಹಟ್ಟಿಯ ಸಿದ್ದಕ್ಕನ ಮನೆಗೆ ಏನೇ ಬರಲಿ, ಅದರಲ್ಲಿ ಮೊದಲ ಪಾಲು ದೇವರದು. ಹೊಸ ನವಣೆ ಬಂದರೆ ಮೊದಲ ಬೊಗಸೆ, ಶೇಂಗಾ ಕಿತ್ತರೆ ಮೊದಲ ಹಿಡಿ, ಆಕಳು ಕರು ಹಾಕಿದರೆ ಗಿಣ್ಣು ಕಳೆದ ಮೇಲಿನ ಮೊದಲ ಚೊಂಬು ಹಾಲು. ಇದಕ್ಕೆ ಮೀಸಲು ತೆಗೆಯುವುದು ಅನ್ನುತ್ತಾರೆ, ಆ ಹಟ್ಟಿಯ ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ. ಆದರೆ ಉಳಿದವರು ಕಾಳು, ಹಾಲು, ತುಪ್ಪಕ್ಕೆ ಸಾಕು ಮಾಡಿದರೆ ಸಿದ್ದಕ್ಕ ಎಲ್ಲಿಯೂ ಸಾಕು ಮಾಡಲಿಲ್ಲ. ಮಗ ಮಹಾಂತೇಶ ಮೊದಲ ಸಲ ಮೊಬೈಲು ತಂದಾಗ ಅದನ್ನು ಒಂದು ಹಗಲು ಪೂರ್ತಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಅದು ಅಲ್ಲೇ ಹತ್ತು ಸಲ ಬಡಕೊಂಡರೂ ಯಾರೂ ಮುಟ್ಟುವಂತಿರಲಿಲ್ಲ. ಸೊಸೆ ಶಶಿರೇಖಾ ತವರಿನಿಂದ ಬಿಸ್ಕತ್ತಿನ ಪೊಟ್ಟಣ ತಂದರೆ ಅದರಲ್ಲೂ ಒಂದು ಗೂಡಿಗೆ ಹೋಗುತ್ತಿತ್ತು. ಇರುವೆ ಮುತ್ತಿದರೆ, "ಇರುವೆ ಏನು ನಮ್ಮಪ್ಪನ ಮನೇವಾ? ಅವೂ ದೇವರವೇ" ಎಂದು ಬಿಡುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಹೀಗಾಗಿ, ಯುಗಾದಿ ಕಳೆದ ಮೇಲೆ ಗಂಡ ಮಾರಯ್ಯ ದಾವಣಗೆರೆಯ ಆಸ್ಪತ್ರೆಯಲ್ಲಿ ಬಲಗಾಲಿನ ಮಂಡಿ ಬದಲಿಸಿಕೊಂಡು ಚೀಲದ ತುಂಬ ಮಾತ್ರೆಗಳೊಂದಿಗೆ ಮನೆಗೆ ಬಂದಾಗ ಸಿದ್ದಕ್ಕ ಕತ್ತರಿ ಹುಡುಕಿದ್ದು ಆಶ್ಚರ್ಯವೇನಲ್ಲ. ಪ್ರತಿಯೊಂದು ಶೀಟಿನಿಂದಲೂ ಒಂದೊಂದು ಮಾತ್ರೆಯನ್ನು ಕವಚದ ಸಮೇತ ಕತ್ತರಿಸಿದಳು. ಗ್ಯಾಸಿನದು, ರಕ್ತ ಹೆಪ್ಪುಗಟ್ಟದಂತೆ ಕೊಟ್ಟದ್ದು, ನೋವಿನ ಬಿಳಿ ಉದ್ದ ಮಾತ್ರೆ, ಎಲ್ಲದರಲ್ಲೂ ಒಂದೊಂದು. ಎಲ್ಲವೂ ದೇವರ ಗೂಡಿನ ಮಣ್ಣಿನ ಕುಡಿಕೆಗೆ ಬಿದ್ದವು.

"ಅತ್ತೆ, ದೇವರಿಗೂ ಮಂಡಿನೋವಾ?" ಎಂದು ಶಶಿರೇಖಾ ನಕ್ಕಳು.

"ನಿಂತೇ ಇರ್ತಾನಲ್ಲೇ ಯುಗಯುಗದಿಂದ, ನೋಯದೆ ಇರ್ತೈತಾ?" ಎಂದಳು ಸಿದ್ದಕ್ಕ. ನಗಲಿಲ್ಲ.

ಮಾರಯ್ಯ ಅವಳಿಗೆ ಬರೀ ಗಂಡನಲ್ಲ, ತಾಯಿಯ ಕೊನೇ ತಮ್ಮ. ಮದುವೆಯಾಗಿ ನಲವತ್ತು ವರ್ಷದ ಮೇಲಾದರೂ ಅವಳು ಅವನನ್ನು ಕರೆಯುವುದು ಮಾವ ಎಂದೇ. ನಲವತ್ತೊಂದು ವರ್ಷ ಅವನು ಕಿಲಾರಿಯಾಗಿದ್ದ, ಅಂದರೆ ಹಟ್ಟಿಯ ದೇವರ ಎತ್ತುಗಳನ್ನು ಕಾಯುವವನು. ಆ ಎತ್ತುಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳ ಜೊತೆಯ ಆಕಳ ಹಾಲನ್ನು ಮನೆಗೆ ಬಳಸುವುದಿಲ್ಲ. ಕಾಯುವವನಿಗೆ ಕಟ್ಟುಗಳು ಬೇಕಾದಷ್ಟು. ಕಾಲಿಗೆ ಚಪ್ಪಲಿ ಇಲ್ಲ, ಬಾಯಿಗೆ ಕೋಳಿ ಇಲ್ಲ, ಹೆಂಡವಂತೂ ದೂರವೇ ಉಳಿಯಿತು, ಈಚಲು ಚಾಪೆಯ ಮೇಲೆ ಕೂರುವಂತೆಯೂ ಇಲ್ಲ. ಇದೆಲ್ಲದರ ಮೇಲೆ ಮಾರಯ್ಯ ತಾನೇ ಹಾಕಿಕೊಂಡ ಕಟ್ಟು ಇನ್ನೊಂದು. ಬೆಳಿಗ್ಗೆ ಎದ್ದವನು ಮೊದಲ ಮಾತನ್ನು ಎತ್ತುಗಳ ಹತ್ತಿರ ಆಡಬೇಕು. ಅಲ್ಲಿಯವರೆಗೆ ಹೆಂಡತಿಯೇ ಬರಲಿ, ತಹಶೀಲ್ದಾರರೇ ಬರಲಿ, ಬಾಯಿ ಬಿಡುತ್ತಿರಲಿಲ್ಲ. ರೊಪ್ಪಕ್ಕೆ, ಅಂದರೆ ದೇವರ ದನದ ದೊಡ್ಡಿಗೆ ಹೋಗಿ, ಮುಂದಾಳು ಎತ್ತಿನ ಕೊರಳಿನ ಗಂಗೆದೊಗಲು ಸವರಿ, ಅದರ ಕಿವಿಯಲ್ಲಿ ಏನೋ ಹೇಳಿದ ಮೇಲೆಯೇ ಮನುಷ್ಯರ ಜೊತೆ ಮಾತು. ಆಮೇಲೂ ಅವನೇನು ಅರಳು ಹುರಿದಂತೆ ಮಾತಾಡುತ್ತಿರಲಿಲ್ಲ. ಸಿದ್ದಕ್ಕನಿಗೆ ಸಿಕ್ಕುತ್ತಿದ್ದುದು ಎತ್ತುಗಳು ಕೇಳಿ ಮಿಕ್ಕಿದ್ದು, ಅದೂ ದಿನಕ್ಕೆ ನಾಲ್ಕೈದು ಮಾತು.

ಆದರೂ ಅವನನ್ನು ಅವಳು ಒಪ್ಪಿದ್ದು ಕಣ್ಣು ಮುಚ್ಚಿ ಅಲ್ಲ. ವರ್ಷಕ್ಕೊಮ್ಮೆ, ಕಾರ್ತಿಕದಲ್ಲಿ, ಮೀಸಲು ಹಾಲಿನಿಂದ ಕಾಯಿಸಿದ ತುಪ್ಪದ ಗಡಿಗೆಯನ್ನು ಕಿಲಾರಿ ತಲೆಯ ಮೇಲೆ ಹೊತ್ತು, ರೊಪ್ಪದಿಂದ ಗುಡ್ಡದ ದೇವರವರೆಗೆ ಬರಿಗಾಲಲ್ಲಿ ನಡೆಯಬೇಕು. ಮಾರಯ್ಯ ಇಪ್ಪತ್ತೆರಡರ ಹುಡುಗನಾಗಿದ್ದಾಗ ಒಂದು ಸಲ ದನ ಬೆದರಿ ಆಂಧ್ರದ ಗಡಿಯ ಕಡೆ ಓಡಿದ್ದವು. ಗಡಿಗೆ ಹೊತ್ತುಕೊಂಡೇ ಅವುಗಳ ಹಿಂದೆ ಹೋದವನು ಎರಡು ದಿನ ಊಟವಿಲ್ಲದೆ ಅಲೆದ. ಹಿಂತಿರುಗಿದಾಗ ಗಡಿಗೆಯ ಬಾಯಿಯ ಬಟ್ಟೆ ಕಟ್ಟಿದ ಹಾಗೇ ಇತ್ತು. ದಾರಿಯಲ್ಲಿ ತುಪ್ಪ ಜಿನುಗಿ ಬೆರಳಿಗೆ ಹತ್ತಿದ್ದಕ್ಕೆ ಅದನ್ನೂ ನೆಕ್ಕದೆ ಎತ್ತಿನ ಕೋಡಿಗೆ ಒರೆಸಿದ್ದನಂತೆ. ಹದಿನೇಳರ ಸಿದ್ದಕ್ಕ ಆ ಒರೆಸಿದ ಕೋಡನ್ನು ಕಣ್ಣಾರೆ ನೋಡಿದ್ದಳು. ಹಸಿದಾಗ ಬೆರಳು ನೆಕ್ಕದವನು ಕೈಹಿಡಿದವಳಿಗೆ ಮೋಸ ಮಾಡಲಾರ ಅನ್ನಿಸಿತ್ತು. ಆ ಲೆಕ್ಕ ಇಲ್ಲಿಯವರೆಗೆ ತಪ್ಪಿರಲಿಲ್ಲ.

ಅಷ್ಟೆಲ್ಲ ನಡೆದ ಮಂಡಿ ಒಂದು ದಿನ ಮುಷ್ಕರ ಹೂಡಿತು. ಎರಡು ವರ್ಷ ಗಡಿಗೆಯನ್ನು ಅವನ ಶಿಷ್ಯ ಕ್ಯಾತಪ್ಪ ಹೊತ್ತ. ರೊಪ್ಪದ ಕೆಲಸವೂ ಕ್ಯಾತಪ್ಪನಿಗೇ ಹೋಯಿತು. ಮಾರಯ್ಯ ಜಗಲಿಯ ಮೇಲೆ ಕೂತು, ಮೆರವಣಿಗೆ ಕಣ್ಮರೆಯಾಗುವವರೆಗೆ ನೋಡಿ, ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಆಪರೇಷನ್ ಅಂದರೆ ಹೌಹಾರುತ್ತಿದ್ದವನು ಮೂರನೇ ವರ್ಷ ತಾನಾಗಿಯೇ, "ಮಂಡಿ ಹಾಕ್ಸಿಬಿಡ್ರಿ. ಇನ್ನೊಂದು ಸಲ ಗಡಿಗೆ ಹೊರಬೇಕು" ಎಂದ. ಮಹಾಂತೇಶನಿಗೆ ಕುದಾಪುರದ ಕಡೆಯ ಒಂದು ಸಂಸ್ಥೆಯ ಗೇಟಿನಲ್ಲಿ ಕಾವಲಿನ ಕೆಲಸ. ಅಪ್ಪ ದನ ಮೇಯಿಸುತ್ತಿದ್ದ ಹುಲ್ಲುಗಾವಲಿನಲ್ಲೇ ಈಗ ಮಗ ಸೀಟಿ ಕಟ್ಟಿಕೊಂಡು ನಿಲ್ಲುತ್ತಾನೆ. ಅವನೇ ಓಡಾಡಿ ಆಸ್ಪತ್ರೆಯದೆಲ್ಲ ಮಾಡಿಸಿದ.

ಡಾಕ್ಟರು ಸರಿಯಾಗಿಯೇ ಹೇಳಿದ್ದರು. ಬಿಳಿ ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು, ಹತ್ತೇ ದಿನ. ನೋವು ತಡೆಯಲಾಗದಿದ್ದರೆ ಮಾತ್ರ. ಅದು ಮುಗಿದ ಮೇಲೆ ಬೇರೆ ಸಾದಾ ಮಾತ್ರೆ. ಮುಖ್ಯವಾದದ್ದು ವ್ಯಾಯಾಮ: ಮಂಡಿ ಮಡಿಸಬೇಕು, ನೋವಾದರೂ ಮಡಿಸಬೇಕು. ಇದನ್ನೆಲ್ಲ ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. ಚೀಟಿಯನ್ನು ಸಿದ್ದಕ್ಕ ಭದ್ರವಾಗಿ ಟ್ರಂಕಿನಲ್ಲಿಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಓದಲು ಬರುತ್ತಿದ್ದವರಿಗೆ ಪುರುಸೊತ್ತಿರಲಿಲ್ಲ.

ಮೊದಲ ವಾರ ಮಾರಯ್ಯ ಹಲ್ಲು ಕಚ್ಚಿ ನರಳುತ್ತಿದ್ದ. ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಹುಬ್ಬಿನ ಗಂಟು ಸಡಿಲವಾಗುತ್ತಿತ್ತು. ಆಮೇಲೆ ಆದದ್ದೇ ಸಿದ್ದಕ್ಕ ಎಣಿಸದೇ ಇದ್ದದ್ದು. ಅವನು ಮಾತಾಡತೊಡಗಿದ.

ಸಂಜೆ ಹೊತ್ತು ಅವಳು ಶೇಂಗಾ ಬಿಡಿಸುತ್ತ ಜಗಲಿಯಲ್ಲಿ ಕೂತರೆ, ಮಂಚದ ಮೇಲಿಂದ ಅವನ ಮಾತು ಮೆಲ್ಲಗೆ ಹರಿದು ಬರುತ್ತಿತ್ತು. "ಸಿದ್ದೀ, ನೀನು ಹೊಸದಾಗಿ ಬಂದಾಗ ರೊಪ್ಪಕ್ಕೆ ಮಜ್ಜಿಗಿ ತಂದಿದ್ದೆ ನೆಪ್ಪೈತಾ? ಜಾಲಿ ಮುಳ್ಳು ತುಳಿದಿದ್ದೆ. ನಾನು ಕೀಳುವಾಗ ಅಳ್ಲಿಲ್ಲ ನೀನು. ಇವಳು ಗಟ್ಟಿ ಐದಾಳೆ ಅಂದ್ಕಂಡಿದ್ದೆ." ಇನ್ನೊಂದು ದಿನ, "ಮಾಂತೇಸ ಹುಟ್ಟಿದಾಗ ನಿನ್ನ ನೋಡಾಕೆ ಬರಲಿಲ್ಲ ಅಂತ ಸಿಟ್ಟಾಗಿದ್ಯಲ್ಲ. ಬಂದಿದ್ದೆ. ಬಾಗಿಲ ಹತ್ರ ನಿಂತು ನೋಡಿ ಹೋದೆ. ನೀನು ಮಲಗಿದ್ದೆ." ನಲವತ್ತು ವರ್ಷ ಬಾಗಿಲು ಹಾಕಿದ್ದ ಮನೆಯೊಳಗೆ ಯಾರೋ ಕೈಹಿಡಿದು ಕರಕೊಂಡು ಹೋದ ಹಾಗಾಯಿತು ಅವಳಿಗೆ. ಕೈಯಲ್ಲಿದ್ದ ಶೇಂಗಾ ಕಾಯಿ ಹಾಗೇ ಉಳಿಯುತ್ತಿತ್ತು.

ಹತ್ತು ದಿನ ಮುಗಿದು ಮಾತ್ರೆ ಖಾಲಿಯಾದಾಗ ನೋವು ಇನ್ನೂ ಇತ್ತು, ನಿಜ. ಆದರೆ ಮಗನ ಕೈಗೆ ಖಾಲಿ ಶೀಟು ಕೊಟ್ಟು, "ಇದೇ ಬೇಕು, ಬ್ಯಾರೆ ತರಬ್ಯಾಡ" ಎಂದು ಹೇಳುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಬರೀ ಗಂಡನ ನೋವಲ್ಲ. ಸಂಜೆಯ ಮಾತೂ ಇತ್ತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ.

ಚಳ್ಳಕೆರೆಯ ಒಂದು ಔಷಧಿ ಅಂಗಡಿಯಲ್ಲಿ ಮಹಾಂತೇಶನಿಗೆ ಪರಿಚಯದವನಿದ್ದ. ಖಾಲಿ ಶೀಟು ನೋಡಿಯೇ ಕೊಟ್ಟ, ಚೀಟಿ ಕೇಳಲಿಲ್ಲ. ಹತ್ತು ದಿನದ್ದು ತಿಂಗಳಾಯಿತು, ತಿಂಗಳು ಮೂರಾಯಿತು. ದಿನಕ್ಕೆ ಎರಡಿದ್ದದ್ದು ಮೂರಾಗಿ, ನಾಲ್ಕಾಗಿ, ಆರಕ್ಕೆ ಬಂದು ನಿಂತಿತು. ಎರಡಕ್ಕೆ ಸಿಗುತ್ತಿದ್ದ ಆರಾಮ ಈಗ ನಾಲ್ಕಕ್ಕೂ ಸಿಗುತ್ತಿರಲಿಲ್ಲ. ಪ್ರತಿ ಹೊಸ ಶೀಟಿನಿಂದಲೂ ಸಿದ್ದಕ್ಕ ತಪ್ಪದೆ ಒಂದು ಮೀಸಲು ತೆಗೆದಳು. ಮಾರಯ್ಯನಿಗೆ ಹೊಟ್ಟೆ ಕಟ್ಟಿತು, ಹಗಲೆಲ್ಲ ತೂಕಡಿಕೆ ಹತ್ತಿತು, ವ್ಯಾಯಾಮ ನಾಳೆಗೆ ನಾಳೆಗೆ ಹೋಯಿತು. ಕೋಲೂರಿಕೊಂಡು ರೊಪ್ಪದವರೆಗೆ ಹೋಗಬಹುದಾಗಿದ್ದರೂ ಹೋಗುತ್ತಿರಲಿಲ್ಲ. ಮಾತೂ ಮೊದಲಿನ ಹಾಗಿರಲಿಲ್ಲ. ಒಂದೇ ಮುಳ್ಳಿನ ಕಥೆಯನ್ನು ಮೂರು ಸಲ ಹೇಳಿ, ನಡುವೆಯೇ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದ. ಆಗ ಸಿದ್ದಕ್ಕನಿಗೆ ಒಂದು ಕೆಟ್ಟ ಯೋಚನೆ ಬರುತ್ತಿತ್ತು. ಇದು ಮಾವನ ಮಾತಾ, ಇಲ್ಲಾ ಮಾತ್ರೆಯ ಮಾತಾ? ಮಾತ್ರೆ ನಿಂತರೆ ಇವೂ ನಿಂತು ಹೋಗುತ್ತವಾ? ಅವಳು ಎದ್ದು ಒಳಗೆ ಹೋಗಿ ಬಿಸಿನೀರು ಕಾಯಿಸುತ್ತಿದ್ದಳು.

ಆಷಾಢದಲ್ಲಿ ಅಂಗಡಿಯವನು ಚೀಟಿ ಇಲ್ಲದೆ ಕೊಡುವುದಿಲ್ಲ ಎಂದುಬಿಟ್ಟ. ಮಹಾಂತೇಶ ಎರಡು ಕಡೆ ಕೇಳಿ ಬರಿಗೈಲಿ ಬಂದ. "ಹೋಗ್ಲಿ ಬಿಡವ್ವ, ಮೂರು ತಿಂಗಳಾತು, ಇನ್ನೇನು ನೋವು?" ಎಂದ.

ಮಾರನೆಯ ದಿನವೇ ಶುರುವಾಯಿತು. ಮಾರಯ್ಯನಿಗೆ ಆಕಳಿಕೆ ಮೇಲೆ ಆಕಳಿಕೆ. ಮೂಗು ಸೋರಿತು, ಮೈ ಬೆವೆತು ಮರುಗಳಿಗೆಗೆ ಚಳಿ ಹತ್ತಿತು, ಇಷ್ಟು ದಿನ ಕಟ್ಟಿದ್ದ ಹೊಟ್ಟೆ ಒಂದೇ ಸಮ ಕೆಟ್ಟಿತು. ಕಾಲುಗಳು ಒಂದು ಕಡೆ ನಿಲ್ಲದೆ ಹಾಸಿಗೆಯ ಮೇಲೆ ತಾವೇ ಒದ್ದಾಡಿದವು. ಎಂದೂ ಯಾರಿಗೂ ದನಿ ಎತ್ತದವನು ಮುದ್ದೆಯ ತಟ್ಟೆ ತಳ್ಳಿ, "ಇದನ್ನ ನಾಯಿಗೆ ಹಾಕು" ಎಂದು ಕಿರುಚಿದ. ಪಕ್ಕದ ಮನೆಯ ಕೊಲ್ಲಾಪುರಮ್ಮ ಆಂಧ್ರದ ಕಡೆಯಿಂದ ಬಂದ ಹೆಂಗಸು, ದೃಷ್ಟಿ ತೆಗೆಯುವುದರಲ್ಲಿ ಎತ್ತಿದ ಕೈ. ಅವಳು ಬಾಗಿಲಲ್ಲಿ ನಿಂತು ನೋಡಿ, "ಏಮಕ್ಕಾ, ಇದು ದಿಷ್ಟಿ. ಇಷ್ಟು ಬ್ಯಾಗ ಎದ್ದು ಕುಂತ್ನಲ್ಲ, ಯಾರ್ದೋ ಕಣ್ಣು ಬಿದ್ದೈತೆ" ಎಂದಳು. ಮೆಣಸಿನಕಾಯಿ, ಉಪ್ಪು, ಕೂದಲು ಸುತ್ತಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಆಗಿರುವುದು ಖಾತ್ರಿ ಎಂದು ಅವಳ ಶಾಸ್ತ್ರ.

ನಾಲ್ಕನೆಯ ದಿನ ಮಧ್ಯಾಹ್ನ ನೋಡಿದರೆ ಮಾರಯ್ಯ ಶಾಂತವಾಗಿದ್ದ. ಮುಖ ತೊಳೆದುಕೊಂಡು, ಗಂಜಿ ಕುಡಿದು, ಗೋಡೆಗೊರಗಿ ಕೂತಿದ್ದ. ಸಿದ್ದಕ್ಕನಿಗೆ ಹೋದ ಜೀವ ಬಂದಂತಾಯಿತು. ಕೊಲ್ಲಾಪುರಮ್ಮನಿಗೆ ಒಂದು ಸೇರು ಶೇಂಗಾ ಕೊಟ್ಟಳು. ಕೊಲ್ಲಾಪುರಮ್ಮ ಅದನ್ನು ಹಕ್ಕಿನಿಂದಲೇ ತೆಗೆದುಕೊಂಡಳು.

ಮುಂದಿನ ಸೋಮವಾರ ಸಿದ್ದಕ್ಕ ದೇವರ ಗೂಡು ಒರೆಸಲು ಕುಡಿಕೆ ಎತ್ತಿದಳು. ಹಗುರವಾಗಿತ್ತು. ತಟ್ಟೆಗೆ ಸುರಿದು ನೋಡಿದಳು. ಗ್ಯಾಸಿನ ಮಾತ್ರೆ ಇತ್ತು, ರಕ್ತದ್ದಿತ್ತು, ಎಲ್ಲ ಇದ್ದವು. ಮೂವತ್ತಾದರೂ ಇರಬೇಕಾಗಿದ್ದ ಬಿಳಿ ಉದ್ದ ಮಾತ್ರೆ ಒಂದೂ ಇರಲಿಲ್ಲ.

ಇಲಿಯಾದರೆ ಕವಚದ ಚೂರು ಬಿಟ್ಟು ಹೋಗುತ್ತಿತ್ತು. ಇರುವೆ ಕವಚ ಬಿಚ್ಚುವುದಿಲ್ಲ. ಮಗ ಮೂರು ದಿನದಿಂದ ಮನೆಯಲ್ಲಿರಲಿಲ್ಲ, ಡ್ಯೂಟಿ. ಇನ್ನು ಉಳಿದವರು ಯಾರು? ಸಿದ್ದಕ್ಕನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಗಂಡನ ಕಡೆ ಹೋಗಲೇ ಇಲ್ಲ. ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಅಂದರೂ ನಂಬಿಯಾಳು, ಮಾರಯ್ಯ ಮೀಸಲು ಮುಟ್ಟಿದ ಅಂದರೆ ನಂಬುವಳಲ್ಲ.

"ಶಶೀ, ಗೂಡಿಗೆ ಕೈ ಹಾಕಿದ್ಯಾ?"

ರೊಟ್ಟಿ ತಟ್ಟುತ್ತಿದ್ದ ಶಶಿರೇಖಾ ತಲೆ ಎತ್ತಿದಳು. "ಯಾಕತ್ತೆ?"

"ಮೀಸಲು ಮಾತ್ರೆ ಇಲ್ಲ. ನಿನಗೆ ಸೊಂಟನೋವು ಅಂತಿದ್ಯಲ್ಲ. ಕೇಳಿದ್ರೆ ನಾನು ಕೊಡ್ತಿರಲಿಲ್ವಾ? ದೇವರದ್ದಕ್ಕೆ ಕೈ ಹಾಕ್ತಾರಾ?"

ಶಶಿರೇಖಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಅತ್ತೆ, ನಿಮ್ಮ ಮೀಸಲು ನೋಡಿ ನಕ್ಕಿದೀನಿ. ಹೌದು. ಮುಟ್ಟಿಲ್ಲ. ನನ್ನ ಅವ್ವನ ಆಣೆ." "ಈ ಮನೆಗೆ ಬಂದು ಒಂಬತ್ತು ವರ್ಷ ಆತು. ನನ್ನ ಕಳ್ಳಿ ಅಂದಿದ್ದು ಇವತ್ತೇ."

ಒಲೆಯ ಮೇಲಿನ ರೊಟ್ಟಿ ಸೀದಿತು. ಜಗಲಿಯಲ್ಲಿದ್ದ ಮಾರಯ್ಯನಿಗೆ ಇದೆಲ್ಲ ಕೇಳಿಸಿತ್ತು. ಮಧ್ಯಾಹ್ನ ಸೊಸೆ ಊಟ ಮಾಡಲಿಲ್ಲ, ಅತ್ತೆಯೂ ಮಾಡಲಿಲ್ಲ. ಸೊಸೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅಳುವುದು ಮನೆಯ ಎಲ್ಲ ಮೂಲೆಗೂ ಕೇಳುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮಾರಯ್ಯ ಕೋಲೂರಿಕೊಂಡು ಹಿತ್ತಲ ಬಾಗಿಲಿಗೆ ಬಂದ. ಹೆಂಡತಿಯನ್ನಲ್ಲ, ಸೊಸೆಯನ್ನು ನೋಡಿ ಹೇಳಿದ. "ಅಳಬ್ಯಾಡ ತಾಯಿ. ನಾನು ತಿಂದೀನಿ."

ಸಿದ್ದಕ್ಕ ಓಡಿ ಬಂದಳು. "ಅವಳನ್ನ ಉಳಿಸಾಕೆ ಯಾಕೆ ಸುಳ್ಳು ಹೇಳ್ತೀಯ ಮಾವ?"

ಮಾರಯ್ಯ ಸೊಂಟದ ಎಲೆಯಡಿಕೆ ಚಂಚಿ ಬಿಚ್ಚಿ ಕಲ್ಲಿನ ಮೇಲೆ ಕೊಡವಿದ. ಖಾಲಿ ಕವಚಗಳು ಉದುರಿದವು. ಒಂದೊಂದೂ ಅವಳೇ ಕತ್ತರಿಯಿಂದ ಚೌಕವಾಗಿ ಕತ್ತರಿಸಿದ್ದು. ತಿಪ್ಪೆಗೆ ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೀಸಲಿನ ಕವಚವನ್ನು ತಿಪ್ಪೆಗೆ ಹಾಕಲು ಅವನಿಗೆ ಕೈ ಬಂದಿರಲಿಲ್ಲ. ಒಳಗಿನದನ್ನು ತಿಂದ ಕೈಗೆ ಹೊರಗಿನದನ್ನು ಎಸೆಯಲಾಗಲಿಲ್ಲ.

"ಮೊದಲ್ನೇ ದಿನ ಒಂದೇ ತಗಂಡೆ. ನಾಳೆ ವಾಪಸ್ ಇಡ್ತೀನಿ ಅಂದ್ಕಂಡೆ," ಎಂದ. "ಕೈ ನಂದಲ್ಲ ಅನ್ನಿಸ್ತು ಸಿದ್ದಿ. ನೋವಿಗಲ್ಲ. ಮಂಡಿ ಈಗ ಅಷ್ಟೇನು ನೋಯಲ್ಲ. ಅದಿಲ್ದೆ ಇರಾಕೆ ಆಗ್ಲಿಲ್ಲ. ಇವತ್ತು ಬೆಳಿಗ್ಗೆಗೆ ಮುಗೀತು. ನಾಳೆ ಏನು ಮಾಡ್ತೀನೋ ನನಗೇ ಗೊತ್ತಿಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಸಿದ್ದಕ್ಕ ಆ ಬೆರಳುಗಳನ್ನು ನೋಡಿದಳು. ಎರಡು ದಿನದ ಹಸಿವಿನಲ್ಲಿ ತುಪ್ಪವನ್ನು ಕೋಡಿಗೆ ಒರೆಸಿದ್ದ ಬೆರಳುಗಳು, ಈಗ ಖಾಲಿ ಕವಚಗಳನ್ನು ಒಂದೊಂದಾಗಿ ಆರಿಸಿ ಚಂಚಿಗೆ ತುಂಬುತ್ತಿದ್ದವು. ಅವಳಿಗೆ ಸಿಟ್ಟು ಬರಲಿಲ್ಲ. ಹೆದರಿಕೆಯಾಯಿತು. ಈ ಮನುಷ್ಯನಿಂದ ಮೀಸಲಿಗೆ ಕೈ ಹಾಕಿಸಿದ್ದು ಸಣ್ಣ ಸಂಗತಿ ಅಲ್ಲ ಅನ್ನುವುದು ಅವಳಿಗೆ ಯಾವ ಡಾಕ್ಟರಿಗಿಂತಲೂ ಮೊದಲು ತಿಳಿಯಿತು. ಸೊಸೆಯ ಹತ್ತಿರ ಹೋಗಿ, ಒದ್ದೆ ಕೈ ಹಿಡಿದುಕೊಂಡು, "ತಪ್ಪಾತು ಕಣೇ" ಎಂದಳು. ಶಶಿರೇಖಾ ಕೈ ಬಿಡಿಸಿಕೊಳ್ಳಲಿಲ್ಲ. ಮೂಗು ಒರೆಸಿಕೊಂಡು, "ನಾಳೆ ಬೆಳಿಗ್ಗೆ ಸಿಸ್ಟರ್ ಹತ್ರ ಹೋಗಾನ. ದಿಷ್ಟಿಗಿಷ್ಟಿ ಸಾಕು" ಎಂದಳು.

ಆರೋಗ್ಯ ಉಪಕೇಂದ್ರದ ತೇಜಶ್ರೀ ಸಿಸ್ಟರ್‌ಗೆ ಮೂವತ್ತು ದಾಟಿಲ್ಲ, ಆದರೆ ಹಟ್ಟಿಯ ಮುದುಕರೆಲ್ಲ ಅವಳ ಮಾತಿಗೆ ತಲೆಬಾಗುತ್ತಾರೆ, ಬೈಯುವಾಗಲೂ ಅವಳು ಕೈ ಹಿಡಿದುಕೊಂಡೇ ಬೈಯುವುದರಿಂದ. ಬಿ.ಪಿ. ನೋಡಿ, ಕವಚ ನೋಡಿ, ಎಲ್ಲ ಕೇಳಿ, ಮೊದಲು ಸಿದ್ದಕ್ಕನ ಕಡೆ ತಿರುಗಿದಳು. "ರಕ್ತ ಹೆಪ್ಪುಗಟ್ಟದಿರೋ ಮಾತ್ರೇನೂ ದೇವರಿಗೆ ಇಟ್ಟಿದ್ರಾ? ಅದನ್ನ ಒಂದು ದಿನಾನೂ ತಪ್ಪಿಸಬಾರದಮ್ಮ. ದೇವರ ಪುಣ್ಯ, ಏನೂ ಆಗಲಿಲ್ಲ. ಮನೇಲಿ ಉಳಿದ ಮಾತ್ರೆ ಎಲ್ಲ ತಂದು ನನಗೆ ಕೊಡಿ. ಗೂಡಲ್ಲಿ ಮದ್ದಿರಬಾರದು."

ಆಮೇಲೆ ಮಾರಯ್ಯನಿಗೆ ಹೇಳಿದಳು. "ಯಜಮಾನ್ರೇ, ಈ ಮಾತ್ರೆ ಅಫೀಮಿನ ಸಂಬಂಧಿಕ. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಬೇಕು, ಅದು ತಪ್ಪಲ್ಲ. ತಿಂಗಳುಗಟ್ಟಲೆ ತಗಂಡ್ರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತೆ, ಇನ್ನೂ ಬೇಕು ಅನ್ನುತ್ತೆ. ಗಕ್ಕನೆ ನಿಲ್ಲಿಸಿದ್ರೆ ಹಟ ಹಿಡಿಯುತ್ತೆ. ನಿಮಗಾಗಿದ್ದು ಅದೇ."

ಮಾರಯ್ಯನಿಗೆ ಉಳಿದದ್ದೇನೂ ಕೇಳಿಸಲಿಲ್ಲ. "ಅಫೀಮಾ?" ಎಂದ. "ಹೆಂಡದ ವಾಸನೆ ಬಂದ್ರೆ ದಾರಿ ಬಿಟ್ಟು ನಡೆದೋನು ನಾನು."

"ಕಾಲಿಗೆ ಮುಳ್ಳು ಹೊಕ್ಕರೆ ಅದು ಕಾಲಿನ ತಪ್ಪಾ?" ಎಂದಳು ತೇಜಶ್ರೀ. "ಮುಳ್ಳು ಕೀಳೋಣ. ಆದ್ರೆ ನಿಧಾನವಾಗಿ."

ಅವಳೇ ಫೋನ್ ಮಾಡಿ ಮೊಳಕಾಲ್ಮೂರಿನ ಆಸ್ಪತ್ರೆಗೆ ಕಳಿಸಿದಳು. ಅಲ್ಲಿನ ಡಾಕ್ಟರು ದಾವಣಗೆರೆಯವರ ಜೊತೆ ಮಾತಾಡಿ ಚೀಟಿ ಬರೆದರು. ಆರರಿಂದ ಐದು, ವಾರ ಬಿಟ್ಟು ನಾಲ್ಕು, ಹೀಗೆ ಇಳಿಸುತ್ತ ಬರಬೇಕು. ಮಾತ್ರೆ ಸೊಸೆಯ ಕೈಯಲ್ಲಿರಬೇಕು. ವ್ಯಾಯಾಮ ನಾಳೆಯಿಂದಲ್ಲ, ಇವತ್ತಿನಿಂದ.

ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತಾಗ ಸಿದ್ದಕ್ಕ ಬಾಯಿ ಬಿಟ್ಟಳು. ಸೊಸೆ ಚಹಾ ತರಲು ಹೋಗಿದ್ದಳು.

"ಮಾವ, ಹತ್ತು ದಿನಕ್ಕೆ ನಿಲ್ಲಿಸಬೇಕಾಗಿತ್ತು. ತರ್ಸಿದೋಳು ನಾನು."

"ನನ್ನ ನೋವು ನೋಡಾಕಾಗ್ದೆ ತರ್ಸಿದ್ದೆ."

"ಅದೊಂದೇ ಅಲ್ಲ." ಅವಳು ಸೆರಗಿನ ತುದಿ ಸುತ್ತಿದಳು. "ಅದನ್ನ ನುಂಗಿದ್ರೆ ನೀನು ಮಾತಾಡ್ತಿದ್ದೆ. ಮುಳ್ಳಿಂದು, ಮಾಂತೇಸ ಹುಟ್ಟಿದ್ದು. ನಲವತ್ತು ವರ್ಸ ಕಾದಿದ್ದೆ ನಾನು. ನನಗೆ ಆಸೆ ಆತು."

ಚಳ್ಳಕೆರೆಯ ಬಸ್ಸೊಂದು ಬಂದು, ಜನ ಇಳಿಸಿ, ಹೋಯಿತು. ಅವನು ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಹೇಳಲಿಲ್ಲ. ಹೋಯ್ತು ಬಿಡು, ಆ ಮಾತುಗಳೂ ಕವಚದೊಳಗಿನವೇ ಇರಬೇಕು ಎಂದುಕೊಂಡಳು. ಬಿಸಿಲಿಗೆ ಕಣ್ಣು ಉರಿಯಿತು ಅಂತ ಸೊಸೆಗೆ ಸುಳ್ಳು ಹೇಳಿದಳು.

ಇಳಿಸುವುದು ಹತ್ತುವುದಕ್ಕಿಂತ ಕಷ್ಟ. ಎರಡು ತಿಂಗಳು ಹಿಡಿಯಿತು. ನಾಲ್ಕರಿಂದ ಮೂರಕ್ಕೆ ಇಳಿದ ವಾರ ಮಾರಯ್ಯ ಸೊಸೆಯ ಮುಂದೆ ಕೈ ಚಾಚಿ, "ಇವತ್ತೊಂದು ದಿನ ತಾಯಿ" ಎಂದು ಬೇಡಿದ. ಶಶಿರೇಖಾ ಅಳುತ್ತಲೇ ಇಲ್ಲ ಎಂದಳು. ಬೆಳಿಗ್ಗೆ ಸಂಜೆ ಸಿದ್ದಕ್ಕ ಅವನ ಹಿಮ್ಮಡಿ ಹಿಡಿದು ಮಂಡಿ ಮಡಿಸಿದಳು. ಅವನು ಹಲ್ಲು ಕಚ್ಚಿದ, ಅವಳು ಎಣಿಸಿದಳು. ಮಾತ್ರೆ ಕಡಿಮೆಯಾದ ಹಾಗೆ ಮಾತೂ ಕಡಿಮೆಯಾಯಿತು. ಸಂಜೆಯ ಜಗಲಿಯಲ್ಲಿ ಶೇಂಗಾ ಸಿಪ್ಪೆಯ ಸದ್ದು ಮಾತ್ರ ಉಳಿಯಿತು. ಮಾತ್ರೆ ಪೂರ್ತಿ ನಿಂತ ದಿನ ಎಲ್ಲರೂ ಸಂತೋಷಪಟ್ಟರು. ಸಿದ್ದಕ್ಕನೂ ಪಟ್ಟಳು. ಒಳಗೊಳಗೆ ಒಂದು ಮೂಲೆ ಮಾತ್ರ ಖಾಲಿಯಾಗಿತ್ತು, ಅದನ್ನು ತೋರಿಸಿಕೊಳ್ಳಲಿಲ್ಲ.

ಕಾರ್ತಿಕ ಬಂತು. ಕ್ಯಾತಪ್ಪ ಮನೆಗೆ ಬಂದು, "ಅಣ್ಣಾ, ಈ ಸಲ ಗಡಿಗಿ ನೀನೇ ಹೊರಬೇಕು. ಮಂಡಿ ಹಾಕ್ಸಿದ್ದೇ ಅದಕ್ಕಲ್ವಾ?" ಎಂದ.

ಮಾರಯ್ಯ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

"ಔಷಧಿ ಔಷಧೀನೇ ಅಣ್ಣಾ, ಹೆಂಡ ಅಲ್ಲ. ಹಿರೇರೂ ಹಂಗೇ ಅಂತಾರೆ."

"ಅಂತಾರೆ, ಗೊತ್ತು. ಸಿಸ್ಟರೂ ಅಂದ್ಲು. ಅವರೆಲ್ಲ ಅಂದಿದ್ದು ಸರಿ ಐತೆ," ಎಂದ ಮಾರಯ್ಯ. "ಆದ್ರೆ ನನ್ನ ಕೈಗೆ ಅದು ಗೊತ್ತಾಗಬೇಕಲ್ಲ. ಈ ವರ್ಸ ನೀನು ಹೊರು. ನಾನು ಹಿಂದೆ ಬರ್ತೀನಿ."

ಹಾಗೆಯೇ ಬಂದ. ಗಡಿಗೆ ಮುಂದೆ, ಎತ್ತುಗಳು ನಡುವೆ, ಮಾರಯ್ಯ ಕೊನೆಯಲ್ಲಿ, ಬರಿಗಾಲಲ್ಲಿ, ಬರಿದಲೆಯಲ್ಲಿ. ಗುಡ್ಡದ ಬುಡದವರೆಗೆ ಕೋಲನ್ನು ಊರದೆ ಹೆಗಲ ಮೇಲಿಟ್ಟುಕೊಂಡೇ ನಡೆದ. ಹೆಂಗಸರ ಗುಂಪಿನಲ್ಲಿದ್ದ ಸಿದ್ದಕ್ಕ ಅವನ ಹಿಮ್ಮಡಿ ನೋಡುತ್ತಲೇ ನಡೆದಳು. ಮಂಡಿ ಚೆನ್ನಾಗಿ ಮಡಿಯುತ್ತಿತ್ತು. ಹೊರಬೇಕೆಂದು ಮಂಡಿ ಕೊಯ್ಯಿಸಿಕೊಂಡವನು ಹೊರಲಾರೆನೆಂದು ಹಿಂದೆ ನಡೆಯುವುದನ್ನು ನೋಡಿ ಅವಳಿಗೆ ಸಂಕಟವಾಯಿತು. ಅದರ ಜೊತೆಗೇ ಹೆಮ್ಮೆಯೂ ಆಯಿತು. ಕೋಡಿಗೆ ತುಪ್ಪ ಒರೆಸಿದ ಹುಡುಗ ಅಲ್ಲೇ ಇದ್ದ, ಎಲ್ಲೂ ಹೋಗಿರಲಿಲ್ಲ.

ಆ ದಿನದಿಂದ ಮಾರಯ್ಯ ಮತ್ತೆ ರೊಪ್ಪಕ್ಕೆ ಹೋಗತೊಡಗಿದ. ಬೆಳಿಗ್ಗೆ ಎದ್ದು, ಬಾಯಿ ಮುಚ್ಚಿಕೊಂಡು, ಮುಖ ತೊಳೆದು, ಹೊರಟರೆ ಎತ್ತಿನ ಕಿವಿಯಲ್ಲಿ ಮೊದಲ ಮಾತು. ಎಲ್ಲ ಮೊದಲಿನ ಹಾಗಾಯಿತು. ಮೊದಲಿನ ಹಾಗಾಗಲಿ ಎಂದೇ ತಾನು ಹರಸಿಕೊಂಡದ್ದಲ್ಲವೇ ಎಂದು ಸಿದ್ದಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹತ್ತು ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಅವಳು ಮಜ್ಜಿಗೆ ಕಡೆಯುತ್ತಿದ್ದಳು. ಮಾರಯ್ಯ ಎದ್ದು ಬಂದು, ಎಂದಿನಂತೆ ಹೊರಗೆ ಹೋಗದೆ, ಅವಳ ಪಕ್ಕದ ಮಣೆಯ ಮೇಲೆ ಹೊಸ ಮಂಡಿಯ ಕಾಲು ಚಾಚಿ ಕೂತ.

"ಆ ಮುಳ್ಳು ಕಿತ್ತಾಗ," ಎಂದ, "ನೀನು ಅಳ್ಲಿಲ್ಲ ಅಂದಿದ್ನಲ್ಲ. ನೀನು ಅತ್ತಿದ್ದೆ. ನಾನು ನೋಡಿಲ್ಲ ಅಂತ ತಿಳ್ಕಂಡು ಕಣ್ಣು ಒರಸ್ಕಂಡೆ. ಅವತ್ತು ಅದನ್ನ ಹೇಳಬಾರದು ಅನ್ನಿಸಿತ್ತು."

ಸಿದ್ದಕ್ಕನ ಕೈಯಲ್ಲಿ ಕಡಗೋಲಿನ ಹಗ್ಗ ನಿಂತಿತು. ಅದು ನಿಜ. ಅವಳಿಗೊಬ್ಬಳಿಗೇ ಗೊತ್ತಿದ್ದ ನಿಜ. ಆದರೆ ಅವಳ ಬಾಯಿಂದ ಬಂದದ್ದು ಬೇರೆ ಮಾತು.

"ಎತ್ತಿನ ಹತ್ರ ಹೋಗಿದ್ಯಾ?"

"ಇಲ್ಲ."

"ಮತ್ತೆ ಬಾಯಿ ಬಿಟ್ಯಲ್ಲ ಮಾವ!"

"ನಲವತ್ತು ವರ್ಸ ಮೊದಲ್ನೇ ಮಾತು ಅವಕ್ಕೇ ಕೊಟ್ಟೀನಿ. ಅವೇನು ಬೇಜಾರು ಮಾಡ್ಕಣಲ್ಲ," ಎಂದು ಮಾರಯ್ಯ ಖಾಲಿ ಲೋಟ ಮುಂದೆ ಹಿಡಿದ. "ಇನ್ನು ಮ್ಯಾಲೆ ಅದು ನಿನ್ನ ಮೀಸಲು. ಮಜ್ಜಿಗಿ ಹಾಕು."

ಸಿದ್ದಕ್ಕ ಲೋಟ ತುಂಬಿಸಿ ಕೊಟ್ಟಳು. ಅವತ್ತಿನ ಮೊದಲ ಲೋಟವನ್ನು ದೇವರ ಗೂಡಿಗೆ ಇಡುವುದು ಮರೆತೇ ಹೋಗಿತ್ತು. ನೆನಪಾದಾಗ ಅವನು ಅರ್ಧ ಕುಡಿದಿದ್ದ.